ಬಲಗಡೆಯ ಬಟ್ಟೆ

ಗಜೇಂದ್ರಗಡದಲ್ಲಿ ನಮ್ಮದು ಕೈಮಗ್ಗದ ಮನೆ. ಪ್ರತಿ ಚಳಿಗಾಲ, ಮಧ್ಯಾಹ್ನ ನೇಯುತ್ತಿರುವಾಗಲೇ, ನನ್ನ ಬಲಗಣ್ಣಿನ ಹಿಂದೆ ಲಾಳಿಯ ಮೊನೆ ಹೊಕ್ಕಂಥ ನೋವು ಏಳುತ್ತಿತ್ತು. ಆ ಕಣ್ಣೊಂದೇ ಸುರಿಯುತ್ತಿತ್ತು. ಕಲೆಯಾದ ಸೀರೆಯನ್ನು ಸಾಹುಕಾರರು ಒಪ್ಪುವುದಿಲ್ಲವೆಂಬ ಹೆದರಿಕೆಗೆ, ನೇಯ್ದ ಸೀರೆಯ ಬಲಗಡೆ ಹಳೆಯ ಬಟ್ಟೆಯೊಂದನ್ನು ಹಾಸಿಕೊಳ್ಳುತ್ತಿದ್ದೆ.

ಈ ಸಲ ನೋವು ಒಮ್ಮೆಲೇ ಎಡಕ್ಕೆ ಬಂತು. ಎಡಗಣ್ಣು ಸುರಿಯತೊಡಗಿದಾಗ ಗಾಬರಿಯಿಂದ ಬಟ್ಟೆಯನ್ನು ಎಡಕ್ಕೆ ಎಳೆದುಕೊಂಡೆ. ಅದು ಆಗಲೇ ತೊಯ್ದು ಬೆಚ್ಚಗಿತ್ತು.

"ಅತ್ತಿ, ಇದರ ಮ್ಯಾಲೆ ನೀರು ಚೆಲ್ಲೀರೇನ್ರಿ?"

ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ಅನ್ನವ್ವ ಎದ್ದು ಬಂದರು. "ಸೀರಿ ಮ್ಯಾಲೆ ನೀರು ಚೆಲ್ಲಾಕ ನನಗೇನು ಹುಚ್ಚು ಹಿಡದೈತೇನ?" ಎಂದವರು ನನ್ನ ಮುಖ ಹಿಡಿದು ನೋಡಿ ದನಿ ತಗ್ಗಿಸಿದರು. "ಮಧುಮತಿ, ನಿನ್ನ ಬಲಗಣ್ಣು ಒಣಗೇ ಐತಲ್ಲವಾ."

ಬಟ್ಟೆಯನ್ನು ನಾಲಿಗೆಗೆ ತಾಗಿಸಿದೆ. ಉಪ್ಪುಪ್ಪಾಗಿತ್ತು.

ರೋಣದ ಡಾಕ್ಟರು, "ಈ ನೋವು ಒಮ್ಮೊಮ್ಮೆ ಪಕ್ಕ ಬದಲಿಸ್ತೈತ್ರಿ, ಹೆದರಬ್ಯಾಡ್ರಿ" ಎಂದರು. ಬಟ್ಟೆಯ ಸಂಗತಿ ಹೇಳಲು ನಾಚಿಕೆಯಾಯಿತು. ನನ್ನ ಕೈಯೇ ಬೆವತಿರಬಹುದು ಎಂದುಕೊಂಡೆ.

ಯುಗಾದಿಯ ಹೊತ್ತಿಗೆ ನೋವು ಪೂರ್ತಿ ಬಿಟ್ಟುಹೋಯಿತು. ಈಗ ಎರಡೂ ಕಣ್ಣು ಒಣಗಿವೆ. ಆದರೂ ದಿನಾ ಸಂಜೆ ಮಗ್ಗದಿಂದ ಏಳುವಾಗ, ಬಲಗಡೆಯ ಬಟ್ಟೆಯನ್ನು ಹಿಂಡಿ ಒಣಹಾಕುತ್ತೇನೆ.