ಭೀಮಾ ದಂಡೆಯ ಏಳು ಗುಂಡಿಗಳು

ಸೋಮವಾರ ಬೆಳಿಗ್ಗೆ ಬಂದ ಉಪಗ್ರಹ ಚಿತ್ರದಲ್ಲಿ ಏಳು ಕಪ್ಪು ಚುಕ್ಕೆಗಳಿದ್ದವು. ಜಾಗ ಪುಣೆ ಜಿಲ್ಲೆಯ ದೌಂಡದ ಆಚೆ, ಭೀಮಾ ದಂಡೆಯ ಹಾಳುದಿಬ್ಬ. ಮೂರು ಸಾವಿರ ವರ್ಷದ ಹಿಂದೆ ಊರಿದ್ದ ನೆಲ. ಹದಿನೈದು ದಿನದ ಹಿಂದಿನ ಚಿತ್ರದಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಪುಣೆಯ ಧನಕವಡಿಯ ಪುಟ್ಟ ಕಚೇರಿಯಲ್ಲಿ ಕೂತು ಇಂಥ ದಿಬ್ಬಗಳ ಮೇಲೆ ಕಣ್ಣಿಡುವುದೇ ರೇಣುವಿನ ಕೆಲಸ. ಅವಳು ಮುಖ್ಯಸ್ಥ ಶಿವಪ್ರಕಾಶರಿಗೆ ತೋರಿಸಿದಳು. ಅವಳಿಗೆ ಉತ್ಖನನ ಕಲಿಸಿದವರು ಅವರೇ. ಪೊಲೀಸರಿಗೆ ಫೋನ್ ಮಾಡಿದವರೂ ಅವರೇ.

*

ಸಬ್ ಇನ್ಸ್‌ಪೆಕ್ಟರ್ ಅಪ್ಪಾಸಾಹೇಬ ಸಂಜೆಯೊಳಗೆ ತಾಯಪ್ಪನನ್ನು ಹಿಡಿದ. ಕಲಬುರಗಿ ಕಡೆಯಿಂದ ಕಬ್ಬು ಕಡಿಯಲು ಬಂದವನು. ಅವನ ಗುಡಿಸಲಿನಲ್ಲಿ ಹಳೆಯ ಮಡಕೆಯೊಂದು ಸಿಕ್ಕಿತ್ತು. ಸರ್ಕಾರಿ ಮಂದಿ ಅಗೆದು ಬಿಸಾಕಿದ್ದನ್ನು ತಂದೆ ಎಂದು ಅವನು ಹೇಳುತ್ತಲೇ ಇದ್ದ. ಪುರಾತತ್ವ ಇಲಾಖೆ ಯಾರನ್ನೂ ಕಳಿಸಿರಲಿಲ್ಲ. ಅವನನ್ನು ಯಾರೂ ನಂಬಲಿಲ್ಲ.

ಮರುದಿನ ರೇಣು ದಿಬ್ಬಕ್ಕೆ ಹೋದಳು. ಒಡೆದ ಮಡಕೆಗಳ ನಡುವೆ ಬೆರಳುದ್ದದ ಎಲುಬುಗಳು ಚೆಲ್ಲಿದ್ದವು. ಆ ಕಾಲದವರು ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯೇ ಹೂಳುತ್ತಿದ್ದರು. ಅವಳು ಎಲುಬುಗಳನ್ನು ಆರಿಸಿ ಚೀಲಕ್ಕೆ ಹಾಕಿದಳು. ಆಮೇಲೆ ಗುಂಡಿಗಳ ಅಂಚನ್ನು ಅಳೆದಳು. ಎರಡು ಸಲ ಅಳೆದಳು.

*

ಬುಧವಾರ ಅವಳು ಅಪ್ಪಾಸಾಹೇಬನನ್ನು ಕರೆದುಕೊಂಡು ಶಿವಪ್ರಕಾಶರ ಕೋಣೆಗೆ ಹೋದಳು.

“ಕಳ್ಳರು ಹೆಂಗ ಬೇಕಾದಂಗ ಅಗೀತಾರ್ರಿ, ಸರ್,” ಎಂದಳು. “ಇವು ಏಳೂ ಚೌಕ ಅದಾವ. ಐದೈದು ಮೀಟರ್, ನೆಟ್ಟಗ ಉತ್ತರಕ್ಕ. ಕಲತವರ ಕೈ ಇದು.”

ಚಿತ್ರ ವಾರಕ್ಕೊಂದು ಬರಬೇಕು. ನಡುವಿನ ವಾರದ್ದು ಬಂದಿರಲಿಲ್ಲ. ಅದನ್ನು ಬೇಡವೆಂದು ಬರೆದ ಪತ್ರದಲ್ಲಿ ಶಿವಪ್ರಕಾಶರ ಸಹಿಯಿತ್ತು. ಅಗೆಸಿದ ಸರ್ಕಾರಿ ಸಾಹೇಬರು ಇವರೇ ಎಂದು ತಾಯಪ್ಪ ಅವರ ಫೋಟೋ ನೋಡಿ ಗುರುತಿಸಿದ್ದ.

ಶಿವಪ್ರಕಾಶರು ಅಲ್ಲಗಳೆಯಲಿಲ್ಲ.

“ಎಂಟು ವರ್ಷ ಅನುಮತಿ ಕೇಳಿದೆ. ಕೊಡಲಿಲ್ಲ. ನಾ ತಗೀಲಿಲ್ಲಂದ್ರ ಹೊಲದವನ ಟ್ರ್ಯಾಕ್ಟರ್ ತಗೀತಿತ್ತು.”

“ತಗದದ್ದು ಎಲ್ಲಿ ಅದರಿ?” ಎಂದಳು ರೇಣು.

ಅವರು ಅದನ್ನೂ ಹೇಳಿದರು. ಒಡೆಯದ ಮಡಕೆಗಳು ಆಗಲೇ ಮುಂಬಯಿಯ ವ್ಯಾಪಾರಿಯೊಬ್ಬನ ಕೈಸೇರಿ, ಹಡಗು ಹತ್ತಿದ್ದವು.

*

ದಿಬ್ಬ ಸಂರಕ್ಷಿತ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ವಾರದಲ್ಲೇ ಶಿವಪ್ರಕಾಶರಿಗೆ ಜಾಮೀನು ಸಿಕ್ಕಿತು. ತಾಯಪ್ಪ ಹೊರಬರುವಷ್ಟರಲ್ಲಿ ಕಬ್ಬು ಕಡಿಯುವ ಅವನ ಟೋಳಿ ಬೇರೆ ಊರಿಗೆ ಹೋಗಿತ್ತು. ಹೊಲದವನು ಗುಂಡಿ ಮುಚ್ಚಿ ಕಬ್ಬು ನೆಟ್ಟ.

ಠಾಣೆಯಲ್ಲಿ ಪಂಚನಾಮೆ ಬರೆಯುತ್ತಿದ್ದ ಅಪ್ಪಾಸಾಹೇಬ ಕೇಳಿದ, “ಎಷ್ಟು ಕೂಸು ಅಂತ ಬರೀಲ್ರಿ, ಮೇಡಂ?”

ರೇಣು ಚೀಲವನ್ನು ಮೇಜಿನ ಮೇಲೆ ಸುರಿದಳು. ಯಾವ ಎಲುಬು ಯಾವ ಮಡಕೆಯದು, ಯಾವ ಮನೆಯದು, ಅಗೆದವರು ಬರೆದಿಟ್ಟಿರಲಿಲ್ಲ. ಅವಳು ಬಹಳ ಹೊತ್ತು ಜೋಡಿಸಿ ನೋಡಿದಳು.

“ಗೊತ್ತಾಗೂದಿಲ್ಲರಿ,” ಎಂದಳು.

ಅವನು ಬರೆದ: ಎಲುಬು, ಒಂದು ಚೀಲ.