ಪರೀಕ್ಷಕನ ಕೆಂಪು ಚೀಟಿ

"ಇದು ಹೋಗಲ್ಲ. ತೆಗೆದಿಡಿ."

ಟೆಸ್ಸಾ ತಲೆಯೆತ್ತಿದಳು. ಎದುರು ನಿಂತವನು ಲೂಯಿಸ್, ಇಂಗ್ಲೆಂಡಿನ ಡರ್ಬಿ ಊರಿನ ವಿಮಾನ ಎಂಜಿನ್ ಕಾರ್ಖಾನೆಗೆ ಅಂದೇ ಬಂದಿದ್ದ ಹೊಸ ಪರೀಕ್ಷಕ. ಅವಳು ಬ್ಲೇಡು ಕೂರಿಸಿದ್ದ ಲೋಹದ ಡಿಸ್ಕಿನ ಮೇಲೆ ಆಗಲೇ ಕೆಂಪು ಚೀಟಿ ಅಂಟಿಸಿದ್ದ!

"ಹೋಗಲ್ಲ ಅಂದ್ರೆ? ಒಂದೊಂದು ಬ್ಲೇಡನ್ನೂ ನಾನೇ ಉಜ್ಜಿ, ತೊಳೆದು ಕೂರಿಸಿದ್ದೀನಿ!"

"ಈ ಒಂದರ ಬುಡ ಡಿಸ್ಕಿಗೆ ಕೂಡಿಲ್ಲ. ಜೋಡಿಸೋ ಮುಂಚೆ ಎಲ್ಲೋ ಬೆರಳು ತಾಗಿರಬೇಕು."

ಬ್ಲೇಡುಗಳನ್ನು ಕರಗಿಸದೆ, ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ, ಗಂಟೆಗಟ್ಟಲೆ ಒತ್ತಿ ಹಿಡಿದು ಡಿಸ್ಕಿನೊಂದಿಗೆ ಒಂದಾಗಿಸುವ ಕೆಲಸ ಅವಳದು. ಬೆರಳಿನ ಜಿಡ್ಡು ತಾಗಿದರೂ ಸಾಕು, ಎಲ್ಲ ಹಾಳು. ತಪ್ಪು ತನ್ನದೇ ಎಂದು ಗೊತ್ತಿದ್ದರೂ... ಸಿಟ್ಟು ಅವನ ಮೇಲೇ ಉಕ್ಕಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅದೇ ಲೂಯಿಸ್ ಎದುರಿಗೆ ಬಂದು ಕುಳಿತ. ಬೇಕನ್ ಮಾಂಸ ತುಂಬಿದ ಬನ್ನನ್ನು ಮುರಿದು ಅರ್ಧ ಅವಳತ್ತ ಸರಿಸಿದ.

"ತಿನ್ನಿ. ಹಸಿದ ಹೊಟ್ಟೇಲಿ ನನ್ನ ಬೈದ್ರೆ ಮಜಾ ಇರಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಊಟದ ಹೊತ್ತಿಗೆ ಅವಳ ಕಣ್ಣು ಬಾಗಿಲ ಕಡೆಗೇ. 'ನೀವು' ಹೋಗಿ 'ನೀನು' ಆಯಿತು. ಭಾನುವಾರಗಳಲ್ಲಿ ಹೊಳೆಯ ದಂಡೆಯ ಮೇಲೆ ತಿರುಗಾಟವೂ ಆಯಿತು. ಕೈ ಮಾತ್ರ ಅವನು ಹಿಡಿಯಲಿಲ್ಲ.

ಇವನಿಗೆ ನಾನು ಯಾರು? ಗೆಳತಿಯಾ? ಬರೀ ಜೊತೆ ಕೆಲಸದವಳಾ?

ಚಳಿಗಾಲದ ಒಂದು ದಿನ ಮೇಲ್ವಿಚಾರಕಿ ಮಾರ್ಲೀನ್ ಅವಳನ್ನು ಬದಿಗೆ ಕರೆದಳು.

"ಏನೇ ಹುಡುಗಿ, ಜಗಳವಾ? ನಿನ್ನ ಡಿಸ್ಕ್ ಇನ್ಮೇಲೆ ತಾನು ನೋಡಲ್ವಂತೆ. ಬೇರೆಯವರಿಗೆ ಕೊಡಿ ಅಂದ ನಿನ್ನ ಲೂಯಿಸ್."

ನಿನ್ನೆಯಷ್ಟೇ ನಗುತ್ತಿದ್ದನಲ್ಲ...! ನನ್ನ ಕೆಲಸ ಅಂದರೆ ಅಷ್ಟು ತಾತ್ಸಾರವೇ? ಇಲ್ಲಾ... ನಾನಂದರೇ?

ಪಾಳಿ ಮುಗಿದೊಡನೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅವನನ್ನು ಅಡ್ಡಗಟ್ಟಿದಳು.

"ಮುಖಕ್ಕೇ ಹೇಳೋಕೆ ಏನಾಗಿತ್ತು ನಿಂಗೆ? ನನ್ನ ಕೆಲಸ ಅಷ್ಟು ಕೆಟ್ಟದಾ?"

"ನಿನ್ನ ಕೆಲಸ ಚೆನ್ನಾಗೇ ಇದೆ ಕಣೇ. ಕೆಟ್ಟಿರೋದು ನನ್ನ ಕಣ್ಣು."

"ಒಗಟು ಬೇಡ ಲೂಯಿಸ್!"

ಅವನು ಕೈಗವಸು ತೆಗೆದ, ಮತ್ತೆ ಹಾಕಿಕೊಂಡ.

"ಮೊನ್ನೆ ನಿನ್ನ ಡಿಸ್ಕ್ ನೋಡ್ವಾಗ ಪರೀಕ್ಷೆ ಯಂತ್ರದ ಪರದೆ ಮೇಲೆ ಬುಡ ಕೂಡದ ಹಾಗೆ ಒಂದು ಗೆರೆ ಕಂಡಂಗಾಯ್ತು. ತಕ್ಷಣ ನಿನ್ನ ಸಪ್ಪೆ ಮುಖ ನೆನಪಾಗಿ... ಪಾಸ್ ಮಾಡೋಕೆ ಹೋದೆ, ಟೆಸ್ಸಾ! ಆಮೇಲೆ ಹೆದರಿ ಮತ್ತೆ ನೋಡಿದೆ. ಏನೂ ಇರ್ಲಿಲ್ಲ. ಇದ್ದಿದ್ರೆ? ಆ ವಿಮಾನದಲ್ಲಿ ಜನ ಕೂರ್ತಾರೆ."

ಟೆಸ್ಸಾ ಒಂದು ಹೆಜ್ಜೆ ಹತ್ತಿರ ಬಂದಳು.

"ನಾನು ಪ್ರೀತಿಸೋ ಹುಡುಗಿ ಕೆಲಸಾನ ನಾನೇ ಪರೀಕ್ಷೆ ಮಾಡೋಕಾಗಲ್ಲ," ಎಂದ, ನೆಲ ನೋಡುತ್ತಾ.

"ಏನಂದೆ?"

"ಕೇಳಿಸ್ತಲ್ಲ."

"ಇಷ್ಟು ದಿನ ತಲೆ ಕೆಡಿಸಿದ್ದಕ್ಕೆ ಇನ್ನೊಂದ್ಸಲ ಹೇಳು!"

ಹೇಳಿದ. ಅವಳ ಕಣ್ಣು ತುಂಬಿ ಬಂತು.

"ಮೊದಲು ಮಾರ್ಲೀನ್ ಹತ್ರ ಹೋಗಿ, ಆಮೇಲೆ ನನ್ನ ಹತ್ರ! ಬುದ್ಧಿ ಇದೆಯಾ ನಿಂಗೆ?"

"ಅವಳಿಗೆ ಕಾರಣ ಹೇಳ್ಲಿಲ್ಲ..."

"ಬಿಡು, ನಾಳೆ ನಾನೇ ಹೇಳ್ತೀನಿ," ಎನ್ನುತ್ತಾ ಟೆಸ್ಸಾ ಅವನ ತೋಳಿಗೆ ತೋಳು ಸೇರಿಸಿದಳು.