ಎಂಟು ಹನ್ನೆರಡರ ಫೋನು

“ಇನ್ನೊಂದು!” ಎನ್ನುತ್ತ ಹಾಳೆಯ ಮೇಲೆ ಗೀಟು ಎಳೆದಳು ಪಿಟೀಲು. “ಕೆಂಪು ಸ್ಕೂಟರ್. ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದ್ರಲ್ಲಿ ಫೋನು.”

“ಬಣ್ಣ ಎಲ್ಲ ಬೇಡ ಕಣೇ, ಬರೀ ಗೀಟು ಹಾಕು,” ಎಂದಳು ಉದ್ದಕ್ಕ.

ಹೈಸ್ಕೂಲಿನ ರಸ್ತೆ ಸುರಕ್ಷತಾ ಕ್ಲಬ್ಬಿನವರು ಆ ವಾರ ದಿನಾ ಬೆಳಿಗ್ಗೆ ಎಂಟರಿಂದ ಎಂಟೂವರೆಯವರೆಗೆ ಶಾಲೆಯ ಮುಂದಿನ ತಿರುವಿನಲ್ಲಿ ನಿಂತು ಎಣಿಸುತ್ತಿದ್ದರು. ಫೋನಿನಲ್ಲಿ ಮಾತಾಡುತ್ತ ಗಾಡಿ ಓಡಿಸುವವರು ಎಷ್ಟು ಜನ ಎಂಬುದೇ ಲೆಕ್ಕ. ಶುಕ್ರವಾರ ಅದನ್ನು ಪಾಲಿಟೆಕ್ನಿಕ್ಕಿಗೆ ಹೋಗಿ, ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಹುಡುಗ ಹುಡುಗಿಯರ ಮುಂದೆ ಓದಬೇಕಿತ್ತು.

ಎಲ್ಲರಿಗಿಂತ ಎತ್ತರವಿದ್ದ ಉದ್ದಕ್ಕ ಹತ್ತನೇ ಕ್ಲಾಸು, ಕ್ಲಬ್ಬಿನ ಲೀಡರು. ಅವಳ ಪಾಲಿಗೆ ಕಾರು. ಪಿಟೀಲು ಎಂಟನೇ ಕ್ಲಾಸು. ಅವಳ ಪಾಲಿಗೆ ಬೈಕು, ಸ್ಕೂಟರು. ಸಿಟ್ಟು ಬಂದರೆ ಅವಳ ದನಿ ಕೀರಲಾಗುತ್ತದೆಂದು ಪಾಲಿಟೆಕ್ನಿಕ್ಕಿನಲ್ಲಿ ಓದುವ ಅಣ್ಣ ಇಟ್ಟ ಹೆಸರು ಪಿಟೀಲು. ಅದು ಮನೆಯಿಂದ ಶಾಲೆಗೂ ಬಂದು ಅಂಟಿಕೊಂಡಿತ್ತು.

ಆ ಮಂಗಳವಾರ ಎಂಟು ಹನ್ನೆರಡಕ್ಕೆ ತಿರುವಿನಲ್ಲಿ ಒಂದು ನೀಲಿ ಬೈಕು ಕಾಣಿಸಿತು. ಓಡಿಸುತ್ತಿದ್ದವನು ಹೆಲ್ಮೆಟ್ಟಿನೊಳಗೆ ಕೆನ್ನೆಯ ಪಕ್ಕ ಫೋನು ತುರುಕಿಕೊಂಡು, ತಲೆ ಒಂದು ಕಡೆ ವಾಲಿಸಿ ಮಾತಾಡುತ್ತಿದ್ದ. ಪಿಟೀಲು ಪೆನ್ನು ಎತ್ತಿದಳು. ಎತ್ತಿದ ಪೆನ್ನು ಹಾಗೇ ನಿಂತಿತು.

ಅಣ್ಣ!

ಅದೇ ಹೊತ್ತಿಗೆ ಪಕ್ಕದ ಪ್ರೈಮರಿ ಶಾಲೆಯ ಒಂದನೇ ಕ್ಲಾಸಿನ ಇಬ್ಬರು ಕೈ ಕೈ ಹಿಡಿದುಕೊಂಡು ಜೀಬ್ರಾ ಪಟ್ಟಿಗೆ ಇಳಿದಿದ್ದರು. ಅಣ್ಣನಿಗೆ ಅವರು ಕಂಡಿದ್ದು ತಡವಾಗಿ. ಬ್ರೇಕು ಕಿರುಚಿತು. ಮುಂದಿನ ಚಕ್ರ ಬಿಳಿ ಪಟ್ಟಿಯ ಮೇಲೆ ಬಂದು ನಿಂತಿತು. ಚಕ್ರಕ್ಕೂ ಮಕ್ಕಳಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಮಕ್ಕಳು ಏನೋ ಹರಟುತ್ತ ದಾಟಿಹೋದರು. ಅಣ್ಣ ಅತ್ತ ಇತ್ತ ನೋಡದೆ ಬೈಕು ಮುಂದೆ ಬಿಟ್ಟ.

ಇನ್ನೊಂದು ಕಡೆಗೆ ತಿರುಗಿ ನಿಂತಿದ್ದ ಉದ್ದಕ್ಕ, “ಯಾರೇ ಅದು? ಫೋನ್ ಇತ್ತಾ?” ಎಂದು ಕೇಳಿದಳು.

“ಗೊತ್ತಿಲ್ಲ, ನೋಡ್ಲಿಲ್ಲ,” ಎಂದಳು ಪಿಟೀಲು. ಗೀಟು ಹಾಕಲಿಲ್ಲ.

ಸಂಜೆ ಅಣ್ಣ ಬರುವುದನ್ನೇ ಕಾದಿದ್ದು ಮೆಟ್ಟಿಲ ಮೇಲೇ ಹಿಡಿದಳು. “ಬೆಳಿಗ್ಗೆ ಯಾರ ಹತ್ರ ಮಾತಾಡ್ತಿದ್ದೆ?”

ಅಣ್ಣನ ಮುಖ ಸಣ್ಣಗಾಯಿತು. “ನೋಡಿದ್ಯಾ?”

“ಆ ಮಕ್ಕಳಿಗೆ ಏನಾದ್ರೂ ಆಗಿದ್ರೆ?” ದನಿ ಕೀರಲಾಗಿಯೇಬಿಟ್ಟಿತು.

“ಶ್! ಮೆತ್ತಗೆ. ಅಮ್ಮಂಗೆ ಗೊತ್ತಾದ್ರೆ ಬೈಕ್ ಕೀ ಕಿತ್ಕೋತಾಳೆ.” ಅಣ್ಣ ಶೂ ಬಿಚ್ಚುತ್ತ ಗೊಣಗಿದ. “ಎತ್ತಿದ್ರೂ ಕಷ್ಟ, ಎತ್ತದೇ ಇದ್ರೂ ಕಷ್ಟ. ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡು.”

ಬುಧವಾರ ಪಿಟೀಲಿಗೆ ನೆಗಡಿ. ಮೂಗು ಟೊಮೇಟೊದಂತೆ ಕೆಂಪಾಗಿತ್ತು. ಅಮ್ಮ ಶಾಲೆಗೆ ಬೇಡವೆಂದಳು.

ಅಮ್ಮ ದರ್ಜಿ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಅವಳ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಕತ್ತರಿಸಿಟ್ಟ ಯೂನಿಫಾರ್ಮಿನ ತೋಳುಗಳ ರಾಶಿ. ಪಿಟೀಲು ಕಂಬಳಿ ಹೊದ್ದು ಅಲ್ಲೇ ಮಲಗಿದ್ದಳು. ಅಮ್ಮ ಒಂದು ತೋಳು ಹೊಲಿಯುವಳು, ಗಡಿಯಾರ ನೋಡುವಳು. ಇನ್ನೊಂದು ತೋಳು, ಮತ್ತೆ ಗಡಿಯಾರ. ಎಂಟು ಹನ್ನೆರಡಕ್ಕೆ ಮಿಷನ್ನು ನಿಲ್ಲಿಸಿ ಫೋನು ಎತ್ತಿಕೊಂಡಳು.

“ಎಲ್ಲಿದ್ದೀಯೋ? ಶಾಲೆ ತಿರುವಿಗೆ ಬಂದ್ಯಾ? ಸರಿ ಸರಿ. ನಿಧಾನ ಹೋಗು. ಹುಷಾರು!”

ಆ ಕಡೆಯಿಂದ ಲಾರಿಯ ಹಾರ್ನು ಕೇಳಿಸಿತು. ಪಿಟೀಲು ಎದ್ದು ಕೂತಳು.

“ಅಮ್ಮ, ನೀನು ದಿನಾ ಫೋನ್ ಮಾಡ್ತೀಯಾ?”

“ಮಾಡ್ದೆ ಇರ್ತೀನಾ? ಲೈಸೆನ್ಸ್ ಬಂದು ಇನ್ನೂ ಒಂದು ತಿಂಗ್ಳು. ಅವನ ದನಿ ಕೇಳೋವರ್ಗೂ ನಂಗೆ ಕೈಯೇ ಓಡಲ್ಲ. ನಿನ್ನೆ ಒಂದೇ ಸಲಕ್ಕೆ ಎತ್ತಲಿಲ್ಲ ನೋಡು, ಪ್ರಾಣ ಬಾಯಿಗೆ ಬಂದಿತ್ತು.”

ಪಿಟೀಲು ಕಂಬಳಿಯ ಅಂಚನ್ನು ಮಡಚಿದಳು, ಬಿಚ್ಚಿದಳು. ಹೇಳಿದರೆ ಅಣ್ಣನಿಗೆ ಬೈಗುಳ. ಹೇಳದಿದ್ದರೆ ನಾಳೆ ಎಂಟು ಹನ್ನೆರಡಕ್ಕೆ ಮತ್ತೆ ಫೋನು ಹೊಡೆದುಕೊಳ್ಳುತ್ತದೆ.

ಹೇಳಿಬಿಟ್ಟಳು. ಹೆಲ್ಮೆಟ್ಟು, ಫೋನು, ಕೈ ಹಿಡಿದುಕೊಂಡ ಇಬ್ಬರು ಮಕ್ಕಳು, ಎಲ್ಲವನ್ನೂ.

ಅಮ್ಮ ಬೈಯಲಿಲ್ಲ. ಹೊಲಿಯುತ್ತಿದ್ದ ತೋಳನ್ನು ಪಕ್ಕಕ್ಕಿಟ್ಟು, “ಎಷ್ಟು ದೂರ ಉಳಿದಿತ್ತು ಅಂದೆ?” ಎಂದಳು.

ಪಿಟೀಲು ಎರಡೂ ಕೈ ಮುಂದೆ ಮಾಡಿ ತೋರಿಸಿದಳು. “ಇಷ್ಟು.”

ದಿನವಿಡೀ ಬಟ್ಟೆ ಅಳೆಯುವ ಅಮ್ಮ, ಆ ಎರಡು ಕೈಗಳ ನಡುವಿನ ಜಾಗವನ್ನೇ ನೋಡುತ್ತ ಕೂತಳು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅಣ್ಣನಿಗೆ ಹೇಳಿದ್ದು ಇಷ್ಟೇ: “ನಾಳೆಯಿಂದ ನಾನು ಫೋನ್ ಮಾಡಲ್ಲ. ತಲುಪಿದ್ಮೇಲೆ ನೀನೇ ಮಾಡು. ದಾರೀಲಿ ಅದು ಬ್ಯಾಗಲ್ಲಿರ್ಲಿ.” ಅಣ್ಣ ತಂಗಿಯನ್ನು ಒಮ್ಮೆ ದುರುಗುಟ್ಟಿ ನೋಡಿ ತಟ್ಟೆಗೆ ತಲೆ ಬಗ್ಗಿಸಿದ.

ಗುರುವಾರ ಬೆಳಿಗ್ಗೆ ತಿರುವಿನಲ್ಲಿ ಪಿಟೀಲು ಮೂಗು ಒರೆಸಿಕೊಳ್ಳುತ್ತ ಹೇಳಿದಳು, “ಉದ್ದಕ್ಕ, ಮಂಗಳವಾರದ್ದು ಒಂದು ಗೀಟು ನಾನು ಹಾಕಿಲ್ಲ. ಅದು ನಮ್ಮಣ್ಣ. ಸುಳ್ಳು ಹೇಳಿದ್ದೆ.”

ಬೈಗುಳ ಬೀಳುತ್ತದೆಂದು ಅವಳು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಉದ್ದಕ್ಕ ಹಾಳೆಯನ್ನು ಅವಳ ಕೈಗೆ ಕೊಟ್ಟಳು. “ಈಗ ಹಾಕು.” ಆಮೇಲೆ ರಸ್ತೆಯ ಕಡೆ ನೋಡುತ್ತ ಹೇಳಿದಳು, “ಸೋಮವಾರದ ಕಾರಿನ ಲೆಕ್ಕದಲ್ಲಿ ಒಂದು ನಮ್ಮಪ್ಪಂದು.”

ಶುಕ್ರವಾರ ಪಾಲಿಟೆಕ್ನಿಕ್ಕಿನ ಸಭಾಂಗಣ ಗಿಜಿಗುಡುತ್ತಿತ್ತು. ಉದ್ದಕ್ಕ ಲೆಕ್ಕ ಓದಿದಳು: ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ, ನೂರ ಹದಿನೇಳು ಜನ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಮನೆಯಿಂದ ಫೋನ್ ಬರುತ್ತೆ. ಎತ್ತದಿದ್ರೆ ಸಂಜೆ ಮಂಗಳಾರತಿ. ಏನ್ಮಾಡೋದು ಹೇಳಿ ಮೇಡಂ?”

ಇಡೀ ಸಭೆ ಗೊಳ್ಳೆಂದು ನಕ್ಕಿತು. ಉದ್ದಕ್ಕ ಪಿಟೀಲಿನ ಕಡೆ ನೋಡಿದಳು. ಪಿಟೀಲು ಮೈಕಿಗೆ ಬಾಯಿ ಎಟುಕದೆ ತುದಿಗಾಲಲ್ಲಿ ನಿಂತಳು.

“ಹೊರಡೋಕೆ ಮುಂಚೆ ಒಂದ್ಸಲ, ತಲುಪಿದ್ಮೇಲೆ ಒಂದ್ಸಲ ನೀವೇ ಮಾಡಿ. ಮಧ್ಯದಲ್ಲಿ ಮನೇಲಿರೋ ನಾವು ಕಾಯ್ತೀವಿ. ಅದೇನು ದೊಡ್ಡ ವಿಷ್ಯ ಅಲ್ಲ.”

ಈ ಸಲ ಯಾರೂ ನಗಲಿಲ್ಲ. ಮೂರನೇ ಸಾಲಿನಲ್ಲಿ ಅಣ್ಣ ತನ್ನ ಶೂ ನೋಡಿಕೊಳ್ಳುತ್ತಿದ್ದ.

ಶನಿವಾರ ಪಿಟೀಲಿಗೆ ರಜೆ. ಅಣ್ಣನಿಗೆ ಕ್ಲಾಸಿತ್ತು. ಅವನು ಎಂಟಕ್ಕೆ ಹೊರಟ. ಅಮ್ಮ ಮಿಷನ್ನಿನ ಮುಂದೆ ಕೂತಳು. ಫೋನು ಟೇಬಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ಎಂಟು ಹನ್ನೆರಡು ದಾಟಿತು. ಅಮ್ಮ ಅದನ್ನು ಮುಟ್ಟಲಿಲ್ಲ.

ಎಂಟೂ ಇಪ್ಪತ್ತಕ್ಕೆ ಅವನು ತಲುಪಬೇಕಿತ್ತು. ಎಂಟೂ ಇಪ್ಪತ್ತೈದಾಯಿತು. ಎಂಟೂವರೆಯಾಯಿತು. ದೂರದಲ್ಲೆಲ್ಲೋ ಒಂದು ಆಂಬುಲೆನ್ಸು ಕೂಗಿಕೊಂಡು ಹೋಯಿತು. ಪಿಟೀಲು ಓದುತ್ತಿದ್ದ ಪುಸ್ತಕದ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು.

“ಅಮ್ಮ, ಒಂದೇ ಒಂದ್ಸಲ ಮಾಡ್ಲಾ?” ಅವಳ ಕೈ ಆಗಲೇ ಫೋನಿನ ಮೇಲಿತ್ತು.

“ಬೇಡ,” ಎಂದಳು ಅಮ್ಮ. ಕಾಲು ಮಿಷನ್ನು ತುಳಿಯುತ್ತಲೇ ಇತ್ತು. “ಇರು. ಕಾಯೋಣ.”

ಎಂಟು ಮೂವತ್ತಾರಕ್ಕೆ ಫೋನು ಹೊಡೆದುಕೊಂಡಿತು. “ತಲುಪ್ದೆ ಅಮ್ಮ. ಪೆಟ್ರೋಲ್ ಬಂಕಲ್ಲಿ ಸಿಕ್ಕಾಪಟ್ಟೆ ರಶ್ಶು.”

“ಸರಿ ಕಣಪ್ಪ,” ಎಂದಳು ಅಮ್ಮ, ದಿನಾ ಹೇಳುವಷ್ಟೇ ಸಲೀಸಾಗಿ. ಫೋನು ಇಟ್ಟಳು.

ಹೊಲಿದಿದ್ದ ತೋಳನ್ನು ಮಡಚಿಡಲೆಂದು ಪಿಟೀಲು ಎತ್ತಿಕೊಂಡಳು. ಅದು ಅವಳ ಕೈಯಲ್ಲಿ ಅಗಲವಾಗಿ ಬಿಚ್ಚಿಕೊಂಡಿತು. ಬಟ್ಟೆಯ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿದ್ದವು. ದಾರವೇ ಇರಲಿಲ್ಲ. ಅದರ ಕೆಳಗಿನ ತೋಳಿಗೂ ಅಷ್ಟೇ. ಅದರ ಕೆಳಗಿನದಕ್ಕೂ.

ಪಿಟೀಲು ಸ್ಟೂಲು ಎಳೆದುಕೊಂಡು ಅಮ್ಮನ ಪಕ್ಕ ಕೂತಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಮಿಷನ್ನಿನ ಖಾಲಿ ಸೂಜಿಗೆ ಪೋಣಿಸಿಕೊಟ್ಟಳು.